ಮೂಗು ಎರವಲು ಕೇಳುತ್ತಿದ್ದವರು

ಬೋಟಿನ ಬ್ಯಾಟರಿಯ ಟರ್ಮಿನಲ್ಲಿಗೆ ಅರಿಶಿನ ಮೆತ್ತಿದ ಭೂಪ ನಾನೇ. ಮೇಲೆ ಒಂದು ಬೊಟ್ಟು ಇಟ್ಟು ಕೈಮುಗಿದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆಯುಧಪೂಜೆಗೆ ನಮ್ಮ ಕಡೆ ಬೋರ್‌ವೆಲ್ ಸ್ಟಾರ್ಟರಿನಿಂದ ಹಿಡಿದು ಕ್ಷೌರದ ಮಿಷಿನ್ನಿನವರೆಗೆ ಎಲ್ಲಕ್ಕೂ ಬೊಟ್ಟಿಡುತ್ತಾರೆ. ನನ್ನ ಭಕ್ತಿ ಅಲ್ಲಿಗೆ ನಿಲ್ಲಲಿಲ್ಲ. ಸ್ಪ್ಯಾನರ್ ತಗೊಂಡು ನಾಲ್ಕೂ ಬ್ಯಾಟರಿಗಳ ಕ್ಲಾಂಪು ಬಿಚ್ಚಿ, ಸೀಸದ ಗೂಟಗಳಿಗೆ ಅರಿಶಿನ, ಕುಂಕುಮ, ಗಂಧ ಮೂರನ್ನೂ ಕಲಸಿ ಮದುವಣಗಿತ್ತಿಗೆ ಬಳಿದ ಹಾಗೆ ಬಳಿದು, ಅದರ ಮೇಲೆ ಮತ್ತೆ ಕ್ಲಾಂಪು ಬಿಗಿದೆ. ಚಾರ್ಜರ್ ಹಾಕಿದೆ. ದಿನವೂ ರಾತ್ರಿಯೆಲ್ಲ ಕೆಂಪಾಗಿರುತ್ತಿದ್ದ ದೀಪ ಅವತ್ತು ನಾನು ಪುಳಿಯೋಗರೆ ತಿಂದು ಕೈ ತೊಳೆಯುವುದರೊಳಗೆ ಹಸಿರಾಯಿತು. ದೇವರ ಕೃಪೆ ಇಷ್ಟು ಬೇಗ ಆಗುತ್ತದೆಂದು ನಾನು ಎಣಿಸಿರಲಿಲ್ಲ.

ಮಾರನೆಯ ದಿನ ವಿಜಯದಶಮಿಯ ರಜೆ. ಹೊಸೂರಿನಿಂದ ಬಂದಿದ್ದ ಒಂದು ದೊಡ್ಡ ಕುಟುಂಬವನ್ನು ಹತ್ತಿಸಿಕೊಂಡು ಹೊರಟೆ. ಕೆರೆಯ ನಟ್ಟನಡುವೆ ಬೋಟು ಒಂದು ಸಲ ನಿಟ್ಟುಸಿರು ಬಿಟ್ಟು ನಿಂತಿತು. ಅಜ್ಜಿಯೊಬ್ಬರು ನಾಮಸ್ಮರಣೆ ಶುರುಮಾಡಿದರು. ಅವರ ಮಗ, "ಏನಪ್ಪಾ, ಇದು ಸ್ಟಾಪಾ?" ಎಂದ. "ಹೌದು ಸಾರ್, ಫೋಟೋ ಪಾಯಿಂಟು" ಎಂದೆ. ಅವರು ಇಡೀ ಕೆರೆಯ ಫೋಟೋ ತೆಗೆದು ಮುಗಿಸಿದರೂ ಬೋಟು ಅಲುಗಲಿಲ್ಲ. ಕಡೆಗೆ ಹಂಸದ ಆಕಾರದ ಪೆಡಲ್ ಬೋಟಿನಲ್ಲಿ ವಿಹರಿಸುತ್ತಿದ್ದ ಒಂದು ಹೊಸ ಜೋಡಿ ನಮಗೆ ಹಗ್ಗ ಕಟ್ಟಿ ದಡದವರೆಗೆ ಎಳೆದು ತಂದಿತು. ಆ ಗಂಡನ ಮಂಡಿ ಇನ್ನೂ ಸರಿಹೋಗಿಲ್ಲ ಎಂದೇ ನನ್ನ ನಂಬಿಕೆ.

ದಡದಲ್ಲಿ ಅವರು ನಿಂತಿದ್ದರು. ಬೋಟ್ ಹೌಸಿನ ಕರೆಂಟು, ಮೋಟರು, ಬ್ಯಾಟರಿ ಎಲ್ಲಕ್ಕೂ ಅವರೇ ದಿಕ್ಕು. ನಾವೆಲ್ಲ ಕರೆಯುತ್ತಿದ್ದುದು ಅಣ್ಣ ಎಂದು. ಬೈಗುಳಕ್ಕೆ ಬೆನ್ನು ಸಿದ್ಧಮಾಡಿಕೊಂಡು ಇಳಿದೆ. ಅವರು ಬೈಯಲಿಲ್ಲ. ಬೋಟಿನ ನಡುವೆ ಇದ್ದ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಎತ್ತಿ, ಮುಖ ಆಚೆ ತಿರುಗಿಸಿ ಸುಮ್ಮನೆ ನಿಂತರು. ಒಂದು ಟೀ ಕುಡಿಯುವಷ್ಟು ಹೊತ್ತಾದ ಮೇಲೆ ಬಗ್ಗಿ, ಕ್ಲಾಂಪು ಬಿಚ್ಚಿ, ಉಗುರಿನಲ್ಲಿ ಕೆರೆದು ನೋಡಿದರು.

"ಏನ್ಲಾ ಇದು? ಬ್ಯಾಟ್ರಿಗೆ ಮದ್ವೆ ಮಾಡ್ಬುಟ್ಟಿದೀಯಾ?"

"ಪೂಜೆ ಅಣ್ಣಾ..."

"ಚಾರ್ಜರು ಬಂದು ಬಾಗ್ಲು ತಟ್ತು. ಬಾಗ್ಲಲ್ಲಿ ಅರಿಸ್ನದ ಗೋಡೆ ಕಟ್ಟಿದೀಯ. ಒಳಕ್ಕೆ ಹೋಗಕ್ಕಾಗಿಲ್ಲ. ಸರಿ, ಹೊಟ್ಟೆ ತುಂಬೈತೆ ಅಂದ್ಕಂಡು ಹಸಿರು ಹಾಕ್ಕಂಡು ಮನೀಕ್ಕಂತು. ನೀನೂ ಮನೀಕ್ಕಂಡೆ. ಹಸಿರು ಬಂದ್ರೆ ಕುಣಿಯೋದಲ್ಲ ಕಣ್ಲಾ. ಇಷ್ಟು ಬೇಗ ಯಾಕ್ ಬಂದೆ ಅಂತ ಅದನ್ನ ಕೇಳ್ಬೇಕು."

ಆಮೇಲೆ ನನ್ನ ಕತ್ತು ಹಿಡಿದು ಪೆಟ್ಟಿಗೆಯ ಕಡೆಗೆ ಬಗ್ಗಿಸಿದರು. "ಮೂಸು. ಏನ್ ವಾಸ್ನೆ ಬತ್ತದೆ?"

"ಅರಿಸ್ನ, ಗಂಧ... ಮದ್ವೆ ಮನೆ ವಾಸ್ನೆ ಅಣ್ಣಾ."

"ಬೇರೆ?"

"ಬೇರೆ ಏನೂ ಇಲ್ಲ."

"ಸರಿ" ಎಂದು ಬಿಟ್ಟರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅವರಿಗೆ ವಾಸನೆಯೇ ಬರುವುದಿಲ್ಲ ಎಂದು ದಡದ ಟೀ ಅಂಗಡಿ ಅಕ್ಕ ಆಮೇಲೆ ಹೇಳಿದಳು. ಮಲ್ಲಿಗೆಯೂ ಇಲ್ಲ, ಮೀನೂ ಇಲ್ಲ. ಹೆದ್ದಾರಿಯ ಪಕ್ಕ ಲಾರಿ ಬ್ಯಾಟರಿ ಚಾರ್ಜ್ ಮಾಡುವ ಒಂದು ಕಿಟಕಿಯಿಲ್ಲದ ಕೋಣೆಯಲ್ಲಿ ಅವರು ಹರೆಯವನ್ನೆಲ್ಲ ಕಳೆದಿದ್ದರು. ಆಸಿಡ್ಡಿನ ಹೊಗೆ ದಿನಾ ಸ್ವಲ್ಪ ಸ್ವಲ್ಪ ಮೂಗನ್ನು ತಿಂದಿತ್ತು. ಅದು ಯಾವಾಗ ಹೋಯಿತೆಂದು ಅವರಿಗೇ ತಿಳಿದಿರಲಿಲ್ಲ. ಒಂದು ದಿನ ಮನೆಯಲ್ಲಿ ಸಾರು ತಳ ಹತ್ತಿ, ಸೀದ ವಾಸನೆ ಬೀದಿಯೆಲ್ಲ ತುಂಬಿ, ಅಕ್ಕಪಕ್ಕದವರು ಓಡಿಬಂದಾಗ ಅವರು ಅಡುಗೆಮನೆ ಬಾಗಿಲಲ್ಲೇ ಕೂತು ಪೇಪರ್ ಓದುತ್ತಿದ್ದರಂತೆ.

ಅಲ್ಲಿಂದ ಅವರು ಮಂದಿಯ ಮೂಗು ಎರವಲು ಕೇಳಲು ಶುರುಮಾಡಿದರು. ನಾನು ಸೇರಿದ ಮೇಲೆ ನನ್ನ ಮೂಗು ಖಾಯಂ ಆಯಿತು.

ನಾನು ಅಲ್ಲಿಗೆ ಸೇರಿದ್ದೂ ಅಂಥ ದೊಡ್ಡ ಕಥೆಯೇನಲ್ಲ. ಐಟಿಐ ಮುಗಿಸಿ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲಿದ್ದೆ. ಕಾಂಟ್ರಾಕ್ಟ್ ಮುಗಿಯಿತು, ನನ್ನನ್ನು ಉಳಿಸಿಕೊಳ್ಳುವ ಯೋಚನೆ ಯಾರಿಗೂ ಬರಲಿಲ್ಲ. ಸೂಳಗಿರಿ ದಾಟಿ ಒಳಕ್ಕೆ ಹೋದರೆ ಸಿಗುವ ಒಂದು ಕೆರೆಯಲ್ಲಿ ಬೋಟ್ ಹೌಸ್ ಗುತ್ತಿಗೆ ಹಿಡಿದವರೊಬ್ಬರಿದ್ದರು. ಅವರನ್ನು ನಾವು ಓನರ್ ಎನ್ನುತ್ತಿದ್ದೆವು. ಅವರ ಬಳಿ ಕೆಲವು ಪೆಡಲ್ ಬೋಟು, ಒಂದೇ ಒಂದು ಬ್ಯಾಟರಿ ಬೋಟು. ಮೇಲೆ ತಗಡಿನ ಚಾವಣಿ, ಸುತ್ತ ಸೀಟು, ನಡುವೆ ರೆಕ್ಸಿನ್ ಹೊದಿಸಿದ ಮರದ ಪೆಟ್ಟಿಗೆ. ಜನ ಅದನ್ನು ಟೇಬಲ್ ಎಂದು ತಿಳಿದು ಅದರ ಮೇಲೆ ಚಿಪ್ಸ್ ಸುರಿದುಕೊಂಡು ತಿನ್ನುತ್ತಿದ್ದರು, ಮಕ್ಕಳನ್ನು ಕೂರಿಸುತ್ತಿದ್ದರು. ಒಳಗೆ ಸಾಲಾಗಿ ನಾಲ್ಕು ಬ್ಯಾಟರಿ ಕೂತಿವೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ಬೋಟಿಗೆ ನಾನೇ ಡ್ರೈವರು, ನಾನೇ ಕಂಡಕ್ಟರು, ಲೈಫ್ ಜಾಕೆಟ್ ಒಗೆಯುವ ದೋಬಿಯೂ ನಾನೇ.

ಸೇರಿದ ವಾರದಲ್ಲೇ ನನ್ನ ಪಾಂಡಿತ್ಯ ಬಯಲಾಯಿತು. ಬ್ಯಾಟರಿ ಸರಿಯಿದೆಯೇ ನೋಡು ಎಂದರು ಅಣ್ಣ. ಜೇಬಿನಿಂದ ಕರೆಂಟು ನೋಡುವ ಟೆಸ್ಟರ್ ತೆಗೆದು ಟರ್ಮಿನಲ್ಲಿಗೆ ಚುಚ್ಚಿದೆ. ದೀಪ ಹತ್ತಲಿಲ್ಲ. ನಾಲ್ಕಕ್ಕೂ ಚುಚ್ಚಿ, ನಾಲ್ಕೂ ಸತ್ತಿವೆ ಎಂದು ಗಂಭೀರವಾಗಿ ಘೋಷಿಸಿ, ಒಂದನ್ನು ಹೆಗಲ ಮೇಲೆ ಹೊತ್ತು ಗುಜರಿಗೆ ಹಾಕಲು ಹೊರಟೆ. ಗೋಡೆಯ ಕರೆಂಟಿಗೆ ಹತ್ತುವ ದೀಪ ಬ್ಯಾಟರಿಗೆ ಹತ್ತುವುದಿಲ್ಲ ಎಂದು ಐಟಿಐನಲ್ಲಿ ಹೇಳಿಕೊಟ್ಟ ದಿನ ನಾನು ರಜೆಯಲ್ಲಿದ್ದಿರಬೇಕು. ಆಸಿಡ್ ತೊಟ್ಟಿಕ್ಕಿದ್ದು ಗೊತ್ತಾಗಲಿಲ್ಲ. ಪ್ಯಾಂಟು ಒಗೆದಾಗ ಹಿಂಭಾಗ ಜರಡಿಯಾಗಿ ಕೈಗೆ ಬಂತು.

ಅಣ್ಣನ ಅಂಗಿಗಳೂ ಹಾಗೇ ತೂತು. ಆದರೆ ಗಂಜಿ ಹಾಕಿ ಇಸ್ತ್ರಿ ಮಾಡಿದ ತೂತು. ಬಿಳಿ ಅಂಗಿ ಬಿಟ್ಟು ಬೇರೆ ತೊಡುತ್ತಿರಲಿಲ್ಲ. ಮೀಸೆಗೆ ಕಪ್ಪು ಹಚ್ಚುತ್ತಿದ್ದರು. ತಲೆ ಪೂರಾ ನರೆತಿತ್ತು. ಜಂಬ ಬಹಳ. "ಈ ಜಿಲ್ಲೇಲಿ ಬ್ಯಾಟ್ರಿ ಹೊಟ್ಟೇಲಿ ಏನೈತೆ ಅಂತ ಗೊತ್ತಿರೋನು ನಾನೊಬ್ನೇ" ಎಂದು ಬೋಟಿಗೆ ಬಂದವರಿಗೆಲ್ಲ, ಅವರು ಕೇಳದಿದ್ದರೂ, ಹೇಳುತ್ತಿದ್ದರು. ಯಾವ ಊಟವೂ ಅವರಿಗೆ ರುಚಿಸುತ್ತಿರಲಿಲ್ಲ. ಅಕ್ಕನ ಆಮ್ಲೆಟ್ಟಿನ ಮೇಲೆ ಮೆಣಸಿನ ಪುಡಿಯನ್ನು ಕೆಂಪು ಮಣ್ಣು ಸುರಿದ ಹಾಗೆ ಸುರಿದುಕೊಂಡು, ಕಣ್ಣಲ್ಲಿ ನೀರು ಬಂದ ಮೇಲೆ, "ಈಗ ಒಸಿ ಗೊತ್ತಾಯ್ತದೆ" ಎನ್ನುತ್ತಿದ್ದರು.

ಅವರು ಹೇಳಿದ್ದೆಲ್ಲ ಸರಿ ಎಂದೇನೂ ಅಲ್ಲ. ಒಮ್ಮೆ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿಯಾಗತೊಡಗಿತು. ಅಣ್ಣ ಕಿವಿಯಿಟ್ಟು ಚಾರ್ಜರಿನ ಗುಂಯ್ ಸದ್ದು ಕೇಳಿ, "ಚಾರ್ಜರ್ ಹೋಯ್ತು" ಎಂದು ತೀರ್ಪು ಕೊಟ್ಟರು. ಓನರ್ ಗೊಣಗುತ್ತ ಹೊಸ ಚಾರ್ಜರ್ ತರಿಸಿದರು. ಅದೂ ಗುಂಯ್ ಎಂದಿತು, ಮಧ್ಯಾಹ್ನಕ್ಕೆ ಬೋಟೂ ನಿಂತಿತು. ಆಮೇಲೆ ನೋಡಿದರೆ ಟೀ ಅಂಗಡಿ ಅಕ್ಕ ನಮ್ಮ ಶೆಡ್ಡಿನ ಲೈನಿಗೇ ಒಂದು ವೈರು ಸಿಕ್ಕಿಸಿ ತನ್ನ ಫ್ರಿಜ್ಜು ಓಡಿಸಿಕೊಂಡು, ಬಾಗಿಲು ಹಾಕಿ ಮನೆಗೆ ಹೋಗುವಾಗ ಶೆಡ್ಡಿನ ಮೇನ್ ಸ್ವಿಚ್ಚನ್ನೂ ತನ್ನದೆಂದು ತಿಳಿದು ಆರಿಸಿ ಹೋಗುತ್ತಿದ್ದಳು. ಬೆಳಗ್ಗೆ ಬಂದು ಮತ್ತೆ ಹಾಕುತ್ತಿದ್ದಳು. "ನಂಗೇನಣ್ಣ ಗೊತ್ತು? ಕರೆಂಟು ಸುಮ್ನೆ ಉರೀಬಾರ್ದು ಅಂತ ಆರಿಸ್ದೆ" ಎಂದಳು. ಓನರ್ ಅಣ್ಣನ ಕಡೆ ನೋಡಿ ನಕ್ಕ ನಗುವನ್ನು ಅಣ್ಣ ಮರೆಯಲಿಲ್ಲ. ಓನರೂ ಮರೆಯಲಿಲ್ಲ.

ಆದರೆ ಪೆಟ್ಟಿಗೆ ತೆರೆಯುವ ವಿಷಯದಲ್ಲಿ ಅವರ ಜಂಬ ಎಲ್ಲೋ ಹೋಗಿಬಿಡುತ್ತಿತ್ತು. ಮುಖ ಬದಲಾಗುತ್ತಿತ್ತು. ಬೋಟಿನಲ್ಲಿ ಯಾರೂ ಇರಕೂಡದು. ಮುಚ್ಚಳ ತೆರೆದು ಕಾಯಬೇಕು. ಆಮೇಲೆ ನನ್ನ ಮೂಗು. ಅದಾದ ಮೇಲೆ ಅವರು ಒಂದೊಂದೇ ಬ್ಯಾಟರಿಯ ಪಕ್ಕೆಗೆ ಅಂಗೈ ಇಟ್ಟು, ಜ್ವರ ಬಂದ ಮಗುವನ್ನು ಮುಟ್ಟಿದ ಹಾಗೆ ಮುಟ್ಟಿ ನೋಡುತ್ತಿದ್ದರು. ನಾಲ್ಕೂ ಒಂದೇ ಬಿಸಿ ಇದ್ದರೆ ಸಮಾಧಾನ. ಒಂದು ಬೇರೆಯಾಗಿದ್ದರೆ ಮೀಟರ್ ಹಿಡಿಯುತ್ತಿದ್ದರು.

"ಯಾಕಣ್ಣಾ ಇಷ್ಟು ಭಯ? ಹಾವೇನು ಇಟ್ಟಿದೀರಾ?" ಎಂದೆ ಒಮ್ಮೆ.

"ಹಾವು ಬುಸ್ ಅಂತದೆ. ಇದು ಅನ್ನಲ್ಲ." ಅವರು ತೋಳು ಮಡಚಿ ತೋರಿಸಿದರು. ಮೊಣಕೈಯಿಂದ ಮೇಲೆ ಚರ್ಮ ಕರಗಿ ಸುಕ್ಕಾದ ಮೇಣದ ಹಾಗಿತ್ತು. "ತುಂಬಿದ್ ಮೇಲೂ ಕುಡಿಸ್ತಾನೇ ಇದ್ರೆ ಬ್ಯಾಟ್ರಿ ಒಳಗೆ ಕುದೀತದೆ. ಗಾಳಿ ಬಿಡ್ತದೆ. ಕಣ್ಣಿಗೆ ಕಾಣಲ್ಲ. ಒಂದು ಕಿಡಿ ಸಾಕು. ಕೊಳ್ತ ಮೊಟ್ಟೆ ವಾಸ್ನೆ ಬಂತು ಅಂದ್ರೆ, ಕೇಳು, ನೀನು ಯಾರ್ನೂ ಕೇಳ್ಬೇಡ. ಓಡು."

ಲಾರಿ ಬ್ಯಾಟರಿಯ ಕೋಣೆಯಲ್ಲಿ ಆ ವಾಸನೆ ಬಂದ ದಿನ ಇನ್ನೊಬ್ಬ ಬೀಡಿ ಹಚ್ಚಿದ್ದನಂತೆ. ಅವನಿಗೇನಾಯಿತು ಎಂದು ನಾನು ಕೇಳಿದೆ. ಅಣ್ಣ ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡರು.

ಒಮ್ಮೆ ಓನರಿನ ಸ್ನೇಹಿತರೊಬ್ಬರು ಬೋಟಿನಲ್ಲಿ ಸಿಗರೇಟಿಗೆ ಬೆಂಕಿ ಗೀರಿದಾಗ ಅಣ್ಣ ಅವರ ಬಾಯಿಂದಲೇ ಅದನ್ನು ಕಿತ್ತು ನೀರಿಗೆಸೆದಿದ್ದರು. ಅದಕ್ಕೂ ಓನರಿನಿಂದ ಬೈಸಿಕೊಂಡಿದ್ದರು.

ಮುಂದಿನ ವರ್ಷದ ಆಯುಧಪೂಜೆ ಬಂತು. ಹಬ್ಬಕ್ಕೆ ಮುಂಚೆ ಮಳೆ ಹಿಡಿಯಿತು. ಬೋಟು ಓಡಿಸುವ ಹಾಗಿರಲಿಲ್ಲ, ಚಾರ್ಜರ್ ಹಾಗೇ ನಡೆಯುತ್ತಿತ್ತು. ದೀಪ ಕೆಂಪು. ರಾತ್ರಿ ಕಳೆಯಿತು, ಕೆಂಪು. ಮತ್ತೊಂದು ಹಗಲು ಕಳೆಯಿತು, ಆಗಲೂ ಕೆಂಪು.

"ಈ ಸಲ ಅರಿಸ್ನ ಹಚ್ಚಿಲ್ಲ ಅಣ್ಣಾ, ನನ್ನಾಣೆ" ಎಂದೆ.

ಅಣ್ಣ ನಗಲಿಲ್ಲ. "ನಾಲ್ಕರಲ್ಲಿ ಒಂದು ತುಂಬ್ತಾ ಇಲ್ಲ ಕಣ್ಲಾ. ಒಳಗೇ ಕೆಟ್ಟೈತೆ. ಅದು ತುಂಬೋ ತಂಕ ಚಾರ್ಜರು ನಿಲ್ಸಲ್ಲ. ಮಿಕ್ಕಿದ್ ಮೂರೂ ಹೊಟ್ಟೆ ಬಿರಿಯೋ ಹಂಗೆ ಕುಡೀತಾ ಕುಂತವೆ" ಎಂದು ಪೆಟ್ಟಿಗೆ ತೆರೆಯಲು ಬಗ್ಗಿದರು. ತೆರೆಯುವ ಹಾಗಿರಲಿಲ್ಲ. ಹಿಂದಿನ ದಿನವೇ ಓನರ್ ಪೆಟ್ಟಿಗೆಗೆ ಹೊಸ ಫ್ಲೆಕ್ಸ್ ಹೊದಿಸಿ ಸುತ್ತ ಮೊಳೆ ಹೊಡೆಸಿದ್ದರು. ಅದರಲ್ಲಿ ಕೈಮುಗಿದು ನಿಂತ ಓನರ್, ಹಿಂದೆ ಸಿಂಹದ ಮೇಲೆ ದೇವಿ. ಪೆಟ್ಟಿಗೆಯ ಪಕ್ಕದಲ್ಲಿ ಗಾಳಿಯಾಡಲೆಂದು ಕೊರೆದಿದ್ದ ಕಿಂಡಿಗಳೆಲ್ಲ ಓನರಿನ ಶಲ್ಯದ ಹಿಂದೆ ಮುಚ್ಚಿಹೋಗಿದ್ದವು.

ಅಣ್ಣ ಚಾರ್ಜರ್ ಆರಿಸಿ ಓನರ್ ಹತ್ತಿರ ಹೋದರು. ನಾನೂ ಹಿಂದೆ ಹೋದೆ.

"ಫ್ಲೆಕ್ಸ್ ಬಿಚ್ಬೇಕು ಸಾರ್. ಒಳಗೆ ಬಿಸಿ ಆಗೈತೆ."

"ಇನ್ನೇನು ಪೂಜೆ ಹೊತ್ತಾಯ್ತಲ್ಲಯ್ಯಾ. ಊರ ದೊಡ್ಡೋರೆಲ್ಲ ಬತ್ತಾವ್ರೆ. ಹರ್ಕಲು ಪೆಟ್ಗೆ ಮುಂದೆ ನಿಲ್ಸಲಾ ಅವ್ರನ್ನ?" ಓನರ್ ಮನೆಮಾತು ತಮಿಳು, ನಮ್ಮ ಹತ್ತಿರ ಕನ್ನಡ. "ಪೂಜೆ ಮುಗೀಲಿ. ಆಮೇಲೆ ಏನ್ ಬೇಕಾದ್ರೂ ಬಿಚ್ಕೋ."

"ಹಂಗಾದ್ರೆ ಬೋಟಲ್ಲಿ ಕರ್ಪೂರ ಬೇಡ. ದಡದಲ್ಲೇ ಮಾಡಿ."

"ಬೋಟಿನ ಪೂಜೆ ದಡದಲ್ಲಿ ಮಾಡಕ್ಕೆ ನಿಂಗೇನು ತಲೆ ಕೆಟ್ಟೈತಾ? ಆವತ್ತು ಚಾರ್ಜರು ಅಂದೆ. ಇವತ್ತು ಬಿಸಿ ಅಂತೀಯ. ಹೋಗಯ್ಯಾ, ಬಾಳೆಕಂದು ಕಟ್ಟು ಹೋಗು."

ಸಂಜೆ ಇನ್ನೂ ಬೆಳಕಿರುವಾಗ ಜನ ಬಂದರು. ಜಡಿಮಳೆ. ನೀರು ಒಳಗೆ ಎರಚದಿರಲೆಂದು, ದಡಕ್ಕೆ ಕಟ್ಟಿದ್ದ ಬೋಟಿನ ಸುತ್ತ ಟಾರ್ಪಾಲು ಇಳಿಬಿಟ್ಟಿದ್ದರು. ಒಳಗೆ ಹೆಂಗಸರು, ಮಕ್ಕಳು, ಶಲ್ಯದವರು, ಎಲ್ಲರೂ ಮೈಗೆ ಮೈ ತಾಗಿಸಿ ನಿಂತು ಒಂದು ಕೋಣೆಯಂತಾಗಿತ್ತು. ಫ್ಲೆಕ್ಸ್ ಹೊದ್ದ ಪೆಟ್ಟಿಗೆಯೇ ದೇವರ ಪೀಠ. ಅದರ ಮೇಲೆ ಪಟ, ಹಣ್ಣು, ಕಡಲೆಪುರಿ, ಕುಂಬಳಕಾಯಿ. ಓನರ್ ತಟ್ಟೆಯಲ್ಲಿ ಕರ್ಪೂರವನ್ನು ಗುಡ್ಡೆಯಾಗಿ ಜೋಡಿಸುತ್ತಿದ್ದರು.

ಅಣ್ಣ ನನ್ನ ಪಕ್ಕಕ್ಕೆ ಬಂದು ಮಣಿಕಟ್ಟು ಹಿಡಿದರು. "ಏನ್ ವಾಸ್ನೆ ಬತ್ತದೆ ಹೇಳ್ಲಾ."

"ನಿಮ್ ಬನೀನು ವಾಸ್ನೆ ಅಣ್ಣಾ" ಎಂದೆ. ಮುಂದೆ ನಿಂತಿದ್ದ ಹೆಂಗಸರು ಕಿಸಕ್ಕೆಂದರು. ನನಗೆ ಅಷ್ಟು ಸಾಕಿತ್ತು.

ಹಿಡಿತ ಬಿಗಿಯಾಯಿತು. ಅವರ ಬೆರಳು ತಣ್ಣಗಿದ್ದವು. "ತಮಾಸೆ ಬೇಡ. ಸರಿಯಾಗಿ ಮೂಸು."

ಮೂಸಿದೆ. ಸಾಂಬ್ರಾಣಿ. ಮಲ್ಲಿಗೆ. ಕೊಬ್ಬರಿ ಎಣ್ಣೆ ಹಚ್ಚಿದ ತಲೆಗಳು. ಮಳೆಯಲ್ಲಿ ನೆನೆದ ಬಟ್ಟೆ. ಅವೆಲ್ಲದರ ಅಡಿಯಲ್ಲಿ, ತೆಳ್ಳಗೆ, ಇನ್ನೊಂದು.

"ಮೊಟ್ಟೆ ವಾಸ್ನೆ ಅಣ್ಣಾ. ಅಕ್ಕ ಆಮ್ಲೆಟ್ ಹಾಕ್ತಾವ್ಳೇನೋ."

ಅಣ್ಣ ಟಾರ್ಪಾಲಿನ ಸಂದಿಯಿಂದ ದಡದ ಕಡೆ ನೋಡಿದರು. ನಾನೂ ನೋಡಿದೆ. ಅಂಗಡಿಗೆ ಬೀಗ ಹಾಕಿತ್ತು. ಹಬ್ಬವೆಂದು ಒಲೆಯನ್ನೇ ಹಚ್ಚದೆ, ಅಕ್ಕ ಹೊಸ ಸೀರೆಯುಟ್ಟು ನಮ್ಮ ಮುಂದೆಯೇ ನಿಂತಿದ್ದಳು.

ಅಷ್ಟರಲ್ಲಿ ಓನರ್ ಬೆಂಕಿಕಡ್ಡಿ ಗೀರಿ ಕರ್ಪೂರಕ್ಕೆ ಹಿಡಿದರು. ತಟ್ಟೆಯನ್ನು ಎದೆಯ ಮಟ್ಟಕ್ಕೆ ಎತ್ತಿ, ಪೆಟ್ಟಿಗೆಯ ಮುಂದೆ ಆರತಿ ಎತ್ತಲು ಬಗ್ಗುತ್ತಿದ್ದರು. ಅಣ್ಣ ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಹೋದದ್ದು ಕಂಡಿತು. ತಟ್ಟೆ ಓನರಿನ ಕೈಯಿಂದ ಹಾರಿ, ಟಾರ್ಪಾಲಿನ ಸಂದಿಯಿಂದ ಹೊರಬಿದ್ದಿತು. ತಟ್ಟೆ ಮುಳುಗಿತು. ಕರ್ಪೂರ ಮುಳುಗಲಿಲ್ಲ. ನೀರಿನ ಮೇಲೆ ಉರಿಯುತ್ತಲೇ ಅಲೆಯ ಜೊತೆ ದೂರ ಹೋಗುತ್ತಿತ್ತು.

ಅಣ್ಣ ಪಟವನ್ನು ಕೈಗೆತ್ತಿಕೊಂಡು ಅಕ್ಕನಿಗೆ ಕೊಟ್ಟು, ಫ್ಲೆಕ್ಸಿಗೆ ಕೈಹಾಕಿ ಕಿತ್ತರು. ಓನರಿನ ಮುಖ ಸರಿಯಾಗಿ ಮೂಗಿನ ನಡುವೆ ಹರಿದು ಎರಡಾಯಿತು. "ಇಳೀರಿ, ಎಲ್ರೂ ಇಳೀರಿ" ಎಂದು ಕೂಗುತ್ತ ಟಾರ್ಪಾಲುಗಳನ್ನು ಎತ್ತಿ ಕಟ್ಟಿದರು. ಜನ ದಡಕ್ಕೆ ಹಾರಿದ ಮೇಲೆ ಮುಚ್ಚಳ ತೆರೆದರು. ಕೆರೆಯ ಗಾಳಿ ಬೋಟಿನ ಈ ಕಡೆಯಿಂದ ಆ ಕಡೆಗೆ ನುಗ್ಗಿತು.

ದಡದಲ್ಲಿ ನಿಂತ ಮೇಲೆ ಎಲ್ಲರಿಗೂ ಮಾತು ಬಂತು. ಆರತಿಯನ್ನು ನೀರಿಗೆ ಹಾಕಿದವನು ಉದ್ಧಾರವಾಗುತ್ತಾನೆಯೇ, ಬೋಟಿಗೆ ಕೇಡು, ಓನರಿಗೆ ಕೇಡು. ಓನರ್ ಅಣ್ಣನ ಎದುರಿಗೆ ಬಂದು ನಿಂತರು. "ಏನಯ್ಯಾ ಮಾಡ್ದೆ? ಏನ್ ಮಾಡ್ದೆ ಅಂತ ಗೊತ್ತಾಯ್ತಾ ನಿಂಗೆ?"

"ವಾಸ್ನೆ ಬಂತು ಸಾರ್" ಎಂದರು ಅಣ್ಣ.

"ಯಾರ್ಗೆ? ನಿಂಗಾ?"

ಅಣ್ಣ ನನ್ನ ಕಡೆ ನೋಡಿದರು. ಇಡೀ ದಡವೇ ನನ್ನ ಕಡೆ ತಿರುಗಿತು.

"ಬಂತು ಸಾರ್" ಎಂದೆ. "ಕೊಳ್ತ ಮೊಟ್ಟೆ ವಾಸ್ನೆ. ನಿಜ ಸಾರ್."

ಆಮೇಲೆ ಹಿಂದಿನಿಂದ ಯಾರೋ, "ಅವ್ನು ಬಿಟ್ಟಿರ್ಬೇಕು, ಅದಕ್ಕೇ ಅವನ್ಗೊಬ್ನಿಗೇ ಗೊತ್ತಾಗೈತೆ" ಎಂದರು. ಎಲ್ಲರೂ ಹೋ ಎಂದು ನಕ್ಕರು. ಅಮ್ಮನಾಣೆ ಎಂದೆ, ಇನ್ನೂ ನಕ್ಕರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಓನರ್ ಎಲ್ಲರಿಗಿಂತ ಜೋರಾಗಿ ನಕ್ಕರು. ನಾನು ಆವರೆಗೆ ಆ ಕೆರೆಯ ದಡದಲ್ಲಿ ಮಾಡಿದ ಯಾವ ತಮಾಷೆಗೂ ಅಷ್ಟು ನಗು ಸಿಕ್ಕಿರಲಿಲ್ಲ.

ನಗದೆ ಇದ್ದವರು ಅಣ್ಣ ಒಬ್ಬರೇ. ಅವರು ಬೋಟಿಗೆ ಹೋಗಿ, ಒಳಗೇ ಕೆಟ್ಟಿದ್ದ ಮೂರನೆಯ ಬ್ಯಾಟರಿಯನ್ನು ತೋರಿಸಿದರು. ಅದರ ಪಕ್ಕೆ ಉಬ್ಬಿ ಹಲಸಿನಕಾಯಿಯಾಗಿತ್ತು. "ಹಳೇ ಬ್ಯಾಟ್ರಿ ಉಬ್ತದೆ. ನಾನೂ ಉಬ್ಬಿದೀನಿ, ಸಿಡಿದ್ನಾ?" ಎಂದರು ಓನರ್. ಮತ್ತೆ ನಗು. ಅದು ನಿಂತ ಮೇಲೆ ಮೆಲ್ಲಗೆ, "ನಾಳೆಯಿಂದ ಬರ್ಬೇಡ" ಎಂದರು.

ಅಣ್ಣ ಮೀಟರನ್ನು ಟವಲಿನಲ್ಲಿ ಸುತ್ತಿಕೊಂಡರು. ಹೋಗುವಾಗ ನನ್ನ ಹತ್ತಿರ ನಿಂತು, "ಆ ಮೂರನೇದನ್ನ ತೆಗ್ದು ಆಚೆ ಮಡಗು. ಸ್ಪ್ಯಾನರು ಎರಡು ಕಡೆ ತಾಗಿಸ್ಬೇಡ, ಕಿಡಿ ಹಾರ್ತದೆ" ಎಂದರು. ನಾನು ಏನೋ ಹೇಳಲು ಹೋದೆ. "ನೀನ್ ಸರಿಯಾಗೇ ಹೇಳ್ದೆ ಬಿಡು" ಎಂದು ಮಳೆಯಲ್ಲಿ ಬಸ್ ಸ್ಟಾಪಿನ ಕಡೆ ನಡೆದರು. ಬಿಳಿ ಅಂಗಿ ನೆನೆದು ಬೆನ್ನಿಗಂಟಿ, ತೂತುಗಳಲ್ಲೆಲ್ಲ ಚರ್ಮ ಕಾಣುತ್ತಿತ್ತು.

ಮೂರನೆಯದನ್ನು ತೆಗೆದೆ. ಹೊಸದು ಬೇಕು ಎಂದು ಹೇಳಲು ಹೆದರುತ್ತ ಹೋದರೆ ಓನರ್ ತಲೆ ಎತ್ತದೆ ತರಿಸಿಕೊಟ್ಟರು. ಹಾಕಿದ ಮೇಲೆ ದೀಪ ಹಸಿರಾಯಿತು. ಇಷ್ಟು ಹೊತ್ತಿಗೆ ಯಾಕೆ ಬಂದೆ ಎಂದು ಅದನ್ನು ಕೇಳಿದೆ. ಸರಿಯಾದ ಹೊತ್ತಿಗೇ ಬಂದಿತ್ತು.

ಅಣ್ಣ ಹೊಸೂರಿನಾಚೆ ತಳಿ ಎಂಬ ತಮ್ಮ ಊರಿಗೆ ಹೋಗಿ ಗುಲಾಬಿ ಬೆಳೆಯುವವರ ಶೆಡ್ಡಿನಲ್ಲಿ ಹೂ ಕಟ್ಟು ಮಾಡುವ ಕೆಲಸ ಹಿಡಿದರು. ಒಮ್ಮೆ ನೋಡಲು ಹೋಗಿದ್ದೆ. ಸೊಂಟದವರೆಗೆ ಗುಲಾಬಿಯ ರಾಶಿ, ನಡುವೆ ಕಪ್ಪು ಮೀಸೆ. ಮುಳ್ಳು ಚುಚ್ಚಿ ಬೆರಳೆಲ್ಲ ಗೀರು. ನನ್ನನ್ನು ಕಂಡು ಒಂದು ಹೂವನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ಹೆಂಗೈತೆ ಹೇಳ್ಲಾ." ನಾನು ಬಹಳ ಹೊತ್ತು ಮೂಸಿ, ನನಗೆ ಬಂದ ಭಾಷೆಯಲ್ಲೆಲ್ಲ, ತಮಿಳು ತೆಲುಗು ಸೇರಿಸಿ, ಅದು ಹೇಗಿದೆ ಎಂದು ಹೇಳಿದೆ. ತಲೆಯಾಡಿಸಿ ಕೇಳಿಕೊಂಡರು. "ಪೆಟ್ಗೆ ಮುಚ್ಚಳ ತೆಗ್ದು ಕಾಯ್ತೀಯಾ?" ಎಂದರು ಕಡೆಗೆ. ಕಾಯ್ತೀನಿ ಅಣ್ಣಾ ಎಂದೆ.

ಕಳೆದ ತಿಂಗಳು ಅಣ್ಣ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ಸುದ್ದಿ ತಿಳಿದಾಗ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದವರು ಓನರೇ. ಅಳತೆ ಮೀರಿದ ಒಂದು ಹಾರ ತಂದಿದ್ದರು. ಅದನ್ನು ಹಾಕಿ, ಬಿಳಿ ಅಂಗಿ ತೊಡಿಸಿದ್ದ ಅಣ್ಣನ ಮುಂದೆ ಬಹಳ ಹೊತ್ತು ನಿಂತರು. ಅಲ್ಲಿ ಊದಿನಕಡ್ಡಿಯ ಹೊಗೆ ಕವಿದುಕೊಂಡಿತ್ತು. ನಾನು ಅಳು ತಡೆಯಲು ಹೋಗಿ ಬಿಕ್ಕಳಿಕೆ ಹಿಡಿಸಿಕೊಂಡು, ಸಾವಿನ ಮನೆಯಲ್ಲೂ ನಾಲ್ಕು ಜನ ನನ್ನ ಕಡೆ ತಿರುಗಿ ನೋಡುವ ಹಾಗೆ ಮಾಡಿದೆ.

ವಾಪಸ್ ಬರುವಾಗ ಓನರೇ ಕಾರು ಓಡಿಸುತ್ತಿದ್ದರು. ಹೊಸೂರು ದಾಟಿ ಹೆದ್ದಾರಿಗೆ ಬಂದೆವು. ಲಾರಿಗಳ ಸಾಲು. ನಾನೇ, "ಆವತ್ತು ಎಲ್ರೂ ನಕ್ಬುಟ್ರು ಸಾರ್. ನಂಗೆ ನಿಜವಾಗ್ಲೂ ವಾಸ್ನೆ ಬಂದಿತ್ತು" ಎಂದೆ.

ಅವರು ರಸ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು ತಂಬಿ" ಎಂದರು. "ಕಡ್ಡಿ ಗೀರೋಕೆ ಮುಂಚೇನೇ ನಂಗೂ ಬಂದಿತ್ತು. ಅಷ್ಟು ಜನ ಕೈಮುಗ್ದು ನಿಂತಿದ್ರಲ್ಲ, ನಿಲ್ಸಕ್ಕೆ ನಾಚ್ಕೆ ಆಯ್ತು."